ನಿಮ್ಮ ರಜೆಗೆ ಅವರ ಶಾಲೆಯೇ ಯಾಕೆ ಬೇಕು?

ನವೆಂಬರ್ ಹತ್ತಿರ ಬಂತೆಂದರೆ ನನಗೆ ಒಂದೇ ಬಗೆಯ ಮೆಸೇಜುಗಳು ಬರತೊಡಗುತ್ತವೆ. 'ಕ್ರಿಸ್ಮಸ್ ರಜೆಯಲ್ಲಿ ಎರಡು ವಾರ ನೇಪಾಳಕ್ಕೆ ಹೋಗಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ಬರೋಣ ಅಂತಿದೀನಿ. ನೀನು ಹೋಗಿದ್ದೆಯಲ್ಲ, ಯಾವ ಸಂಸ್ಥೆ ಒಳ್ಳೇದು?' ಕೇಳುವವರು ನನ್ನ ಜೂನಿಯರ್‌ಗಳು, ಐಟಿಯಲ್ಲಿರುವ ಗೆಳೆಯರು. ಎಲ್ಲರೂ ಒಳ್ಳೆಯ ಮನಸ್ಸಿನವರೇ. ಆದರೂ ನನ್ನ ಉತ್ತರ ಬದಲಾಗುವುದಿಲ್ಲ: ಹೋಗಿ, ಬೆಟ್ಟ ಹತ್ತಿ, ದಾಲ್ ಭಾತ್ ತಿನ್ನಿ, ಕೈಬಿಚ್ಚಿ ಖರ್ಚು ಮಾಡಿ. ಶಾಲೆಯ ಕಡೆ ಮಾತ್ರ ಹೋಗಬೇಡಿ.

ಬೇಸರ ಮಾಡಿಕೊಂಡವರಿದ್ದಾರೆ. 'ನೀನು ಮಾಡಬಹುದು, ನಾವು ಮಾಡಬಾರದಾ?' ಎಂದು ಕೇಳಿದವರೂ ಇದ್ದಾರೆ. ಅವರಿಗೆಲ್ಲ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ನಾನು ನೇಪಾಳದ ಲಮ್ಜುಂಗ್ ಜಿಲ್ಲೆಯ ಒಂದು ಗುರುಂಗ್ ಹಳ್ಳಿಯ ಶಾಲೆಯಲ್ಲಿ ಸ್ವಯಂಸೇವಕ ಶಿಕ್ಷಕಿಯಾಗಿ ಆರು ತಿಂಗಳಿದ್ದೆ, ಆಗಸ್ಟ್‌ನಿಂದ ಜನವರಿಯವರೆಗೆ. ಹಾಗಾಗಿ ಅಲ್ಲಿಯ ಹಬ್ಬದ ಕಾಲವನ್ನೆಲ್ಲ ನೋಡಿದೆ. ನಮ್ಮ ನವರಾತ್ರಿಯ ಹೊತ್ತಿಗೆ ಅವರ ದಶೈಂ, ದೀಪಾವಳಿಯ ಹೊತ್ತಿಗೆ ತಿಹಾರ್, ಡಿಸೆಂಬರ್ 30ರ ಸುಮಾರಿಗೆ ಗುರುಂಗರ ಹೊಸ ವರ್ಷವಾದ ತಮು ಲ್ಹೋಸಾರ್. ಸ್ವಯಂಸೇವಕರು ಗುಂಪುಗುಂಪಾಗಿ ಬರುವುದೂ ಇದೇ ತಿಂಗಳುಗಳಲ್ಲಿ. ಕಾರಣ ಸರಳ. ಮಳೆ ನಿಂತಿರುತ್ತದೆ, ಹಿಮಾಲಯ ಕಾಣುತ್ತದೆ, ಅನ್ನಪೂರ್ಣ ಚಾರಣಕ್ಕೆ ಹೊರಡುವವರು ಬಂದಿಳಿಯುವ ಬೇಸಿಸಹರ್ ಇದೇ ಜಿಲ್ಲೆಯಲ್ಲಿದೆ. ಒಂದು ವಾರ ಪಾಠ, ಒಂದು ವಾರ ಚಾರಣ ಎಂದು ಪ್ಯಾಕೇಜ್ ಮಾಡಿ ಮಾರುತ್ತಾರೆ.

ನೇಪಾಳದಲ್ಲಿ ಶಾಲಾ ವರ್ಷ ಆರಂಭವಾಗುವುದು ವೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿನಲ್ಲಿ. ಹೊಸ ಪುಸ್ತಕ, ಹೊಸ ತರಗತಿ, ಹಿಂದೆ ಬಿದ್ದ ಮಕ್ಕಳು ಯಾರೆಂದು ಗೊತ್ತಾಗುವ ದಿನಗಳು ಅವು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ಮಕ್ಕಳು ಇಂಬಳ ಕಿತ್ತುಕೊಳ್ಳುತ್ತಾ ತರಗತಿಗೆ ಬರುತ್ತಾರೆ. ಶಾಲೆಗೆ ಕೈ ಬೇಕಾಗುವುದು ಆಗ. ಆಗ ಈ ಗುಂಪುಗಳು ಬರುವುದಿಲ್ಲ. ಬರುವುದು ದಶೈಂ ಹತ್ತಿರವಾದಾಗ, ಶಾಲೆ ಮುಚ್ಚುವ ಹೊತ್ತಿಗೆ.

ಬಂದವರಿಗೆ ಮಕ್ಕಳು ಬೇಕಲ್ಲ? ನಾನಿದ್ದ ವರ್ಷ ಒಂದು ಸಂಸ್ಥೆ ದಶೈಂ ರಜೆಯ ನಡುವೆಯೇ ಹತ್ತು ದಿನಗಳ 'ಇಂಗ್ಲಿಷ್ ಶಿಬಿರ' ಇಟ್ಟಿತು. ಅದೇ ಸಂಸ್ಥೆ ಶಾಲೆಗೆ ನೀರಿನ ಟ್ಯಾಂಕ್ ಕೊಟ್ಟಿತ್ತು. ಹೆಡ್‌ಮಾಸ್ತರರು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಮನೆಮನೆಗೆ ಹೇಳಿಕಳಿಸಿ ಮಕ್ಕಳನ್ನು ಕರೆಸಿದರು. ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದು, 'ಮಿಸ್, ಬುವಾ ಭಾನುವಾರ ವಾಪಸ್ ಹೋಗ್ತಾರೆ. ಸೋಮವಾರದಿಂದ ಬಂದರೆ ಆಗಲ್ವಾ?' ಎಂದು ಕೇಳಿದಳು. ಅವಳ ಬುವಾ, ಅಂದರೆ ಅಪ್ಪ, ಕೆಲಸ ಮಾಡುವುದು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ, ಸೆಕ್ಯೂರಿಟಿ ಗಾರ್ಡ್ ಆಗಿ. ಗೋರಖ್‌ಪುರದವರೆಗೆ ರೈಲು, ಸುನೌಲಿಯಲ್ಲಿ ಗಡಿ ದಾಟಿ ಬಸ್ಸು ಹಿಡಿದು ಬಂದಿದ್ದ. ವರ್ಷಕ್ಕೊಮ್ಮೆ ಬರುವ ಮನುಷ್ಯ.

ಲಮ್ಜುಂಗಿನ ಹಳ್ಳಿಗಳಲ್ಲಿ ಇದು ಮನೆಮನೆಯ ಕಥೆ. ಕೊಲ್ಲಿ ದೇಶಗಳು, ಮಲೇಷ್ಯಾ, ಭಾರತ ಎಂದು ಚದುರಿಹೋದವರು ಸಾಧ್ಯವಾದರೆ ದಶೈಂಗೆ ಊರು ಸೇರುತ್ತಾರೆ. ಹಿರಿಯರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಳ್ಳುವುದು, ಜಮರಾ ಎಂಬ ಪೈರಿನ ಮೊಳಕೆ ಮುಡಿಯುವುದು, ಬಿದಿರಿನ ಎತ್ತರದ ಉಯ್ಯಾಲೆ, ಕೈಗೆ ಬೀಳುವ ದಕ್ಷಿಣೆ. ಮಗುವೊಂದಕ್ಕೆ ಅಪ್ಪ ಸಿಗುವ ದಿನಗಳು ವರ್ಷದಲ್ಲಿ ಇಷ್ಟೇ. ಅದರಿಂದಲೇ ಬೆಳಗಿನ ನಾಲ್ಕು ಗಂಟೆ ಕಿತ್ತು, ಬೇರೆ ದೇಶದ ಕಾಲೇಜು ಹುಡುಗರ ಬಯೋಡೇಟಾಗೆ ಕೊಡುವುದನ್ನು ಸೇವೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

'ಏನೂ ಇಲ್ಲದಕ್ಕಿಂತ ಅಷ್ಟಾದರೂ ಆಗಲಿ' ಎನ್ನುವ ವಾದವನ್ನು ತುಂಬ ಕೇಳಿದ್ದೇನೆ. ಆ 'ಅಷ್ಟು' ಎಷ್ಟೆಂದು ನೋಡೋಣ. ಎರಡು ವಾರದಲ್ಲಿ ಮೊದಲ ಎರಡು ದಿನ ಹೆಸರು ಕೇಳುವುದರಲ್ಲಿ, ಕೊನೆಯ ಎರಡು ದಿನ ಬೀಳ್ಕೊಡುಗೆಯಲ್ಲಿ ಮುಗಿಯುತ್ತವೆ. ಉಳಿದ ದಿನಗಳಲ್ಲಿ ಬಣ್ಣಗಳು, ಪ್ರಾಣಿಗಳು, ದೇಹದ ಅಂಗಗಳು. ಮುಂದಿನ ಗುಂಪು ಬಂದಾಗ ಮತ್ತೆ ಬಣ್ಣಗಳಿಂದಲೇ ಶುರು. ನನ್ನ ಆರನೇ ತರಗತಿಯ ಮಕ್ಕಳಿಗೆ ಅಂಗಗಳ ಹೆಸರು ಬಾಯಿಪಾಠವಾಗಿತ್ತು. ಹೊಸಬರು ಬಂದಾಗ ಗೊತ್ತಿಲ್ಲದವರಂತೆ ಕೂತು, ನಿಧಾನಕ್ಕೆ ಕಲಿತವರಂತೆ ನಟಿಸುತ್ತಿದ್ದರು. ಅತಿಥಿಗೆ ಬೇಜಾರಾಗಬಾರದು ಎನ್ನುವ ಮರ್ಯಾದೆ ಅದು. ಕಲಿಸಲು ಬಂದವರನ್ನು ಸಂಭಾಳಿಸುವ ಕೆಲಸವೂ ಹನ್ನೊಂದು ವರ್ಷದ ಮಕ್ಕಳ ಮೇಲೇ ಬಿದ್ದಿತ್ತು.

ಇನ್ನು ಅಲ್ಲಿನ ಶಿಕ್ಷಕರು. 2025ರ ಏಪ್ರಿಲ್‌ನಲ್ಲಿ ನೇಪಾಳದ ಸಾವಿರಾರು ಶಿಕ್ಷಕರು ಶಾಲಾ ಶಿಕ್ಷಣ ಕಾಯ್ದೆಗಾಗಿ ವಾರಗಟ್ಟಲೆ ಕಠ್ಮಂಡುವಿನ ಬೀದಿಯಲ್ಲಿ ಕೂತಿದ್ದರು. ಕಾಯಂ ಆಗದ, ಕಡಿಮೆ ಸಂಬಳದ ಶಿಕ್ಷಕರ ಪಾಡು ಏನೆಂದು ಕರ್ನಾಟಕದ ಅತಿಥಿ ಶಿಕ್ಷಕರನ್ನು ಕಂಡ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಶಿಕ್ಷಕಿಯನ್ನು ತರಗತಿಯ ಮೂಲೆಗೆ ಕೂರಿಸಿ, ಮಕ್ಕಳ ಭಾಷೆಯ ಒಂದು ವಾಕ್ಯವೂ ಬಾರದ, ತರಬೇತಿಯೂ ಇಲ್ಲದ ಪ್ರವಾಸಿಯ ಕೈಗೆ ಚಾಕ್‌ಪೀಸ್ ಕೊಡುತ್ತಾರೆ. ಈ ಕೆಲಸ ಯಾರು ಬೇಕಾದರೂ ಬಿಟ್ಟಿಯಾಗಿ ಮಾಡಬಹುದು ಎಂಬ ಪಾಠವನ್ನು ಆಗ ಇಡೀ ಊರು ಕಲಿಯುತ್ತದೆ. ಅಂದಹಾಗೆ, ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳವಿಲ್ಲದೆಯೂ ಕೆಲಸ ಮಾಡುವಂತಿಲ್ಲ ಎಂಬುದು ನೇಪಾಳದ ನಿಯಮ. ಭಾರತೀಯರಾದ ನಮಗೆ ವೀಸಾ ಬೇಕಿಲ್ಲ, ಆದ್ದರಿಂದ ನಮ್ಮನ್ನು ತಡೆಯುವವರೂ ಇಲ್ಲ.

ಈ ದಂಧೆಯ ಕೊನೆಯ ತುದಿಯಲ್ಲಿ ಅನಾಥಾಶ್ರಮಗಳಿವೆ. ನೇಪಾಳದ ಇಂಥ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆಂದು ಯುನಿಸೆಫ್ ಹಿಂದೆಯೇ ಎಚ್ಚರಿಸಿದೆ. ಒಳ್ಳೆಯ ಓದಿನ ಆಸೆ ತೋರಿಸಿ ದಲ್ಲಾಳಿಗಳು ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು, ಪ್ರವಾಸಿಗರು ಓಡಾಡುವ ಊರುಗಳಲ್ಲಿ 'ಅನಾಥ'ರನ್ನಾಗಿ ಮಾಡುತ್ತಾರೆ. ನೋಡಲು ಬರುವವರಿದ್ದಾರೆ, ಆದ್ದರಿಂದ ತೋರಿಸಲು ಮಕ್ಕಳು ಬೇಕು. ಶಾಲೆಯ ಶಿಬಿರಕ್ಕೂ ಇದಕ್ಕೂ ಕ್ರೌರ್ಯದಲ್ಲಿ ಬಹಳ ಅಂತರವಿದೆ. ಆದರೆ ಎರಡೂ ನಡೆಯುವುದು ಬಂದವರ ಬೇಡಿಕೆಯ ಮೇಲೆ.

ಇದು ಹೊಸ ಮಾತೇನಲ್ಲ. 1968ರಲ್ಲಿ ಇವಾನ್ ಇಲಿಚ್ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆಯೇ ನಿಂತು, ನಿಮ್ಮ ಸದುದ್ದೇಶ ಹಾಳಾಗಲಿ ಎಂಬರ್ಥದ ಭಾಷಣ ಮಾಡಿದ. ಪ್ರವಾಸಿಗಳಾಗಿ, ಕಲಿಯುವವರಾಗಿ ಬರುವುದಕ್ಕೆ ಅವನ ಆಕ್ಷೇಪವಿರಲಿಲ್ಲ. ಉದ್ಧಾರಕ್ಕೆಂದು ಬರಬೇಡಿ ಎಂದ. ಆ ವಿದ್ಯಾರ್ಥಿಗಳ ಜಾಗದಲ್ಲಿ ಈಗ ನಾವೂ ನಿಂತಿದ್ದೇವೆ. ಬಿಳಿಯರು ನಮ್ಮ ಹಳ್ಳಿಗೆ ಬಂದು ಫೋಟೋ ಹಿಡಿದಾಗ ಕೆರಳುವ ನಾವು, ನೇಪಾಳದ ಮಕ್ಕಳ ಹೆಗಲ ಮೇಲೆ ಕೈಹಾಕಿ ತೆಗೆಸಿಕೊಂಡ ಫೋಟೋಗೆ ಲೈಕ್ ಎಣಿಸುತ್ತೇವೆ.

'ಹಾಗಾದರೆ ನೀನು?' ಎಂಬ ಪ್ರಶ್ನೆಗೆ ಬರುತ್ತೇನೆ. ನಾನು ಹೊರಡುವ ಮೊದಲು ನಾಲ್ಕು ತಿಂಗಳು ನೇಪಾಳಿ ಕಲಿತೆ. ಅಲ್ಲಿನ ವಿಜ್ಞಾನ ಶಿಕ್ಷಕರ ಕೈಕೆಳಗೆ, ಅವರ ಪಾಠಯೋಜನೆಯಂತೆ, ಶಾಲೆ ತೆರೆದಿದ್ದ ದಿನಗಳಲ್ಲಿ ಮಾತ್ರ ಪಾಠ ಮಾಡಿದೆ. 1962ರಿಂದ ನೇಪಾಳಕ್ಕೆ ಬಂದ ಅಮೆರಿಕದ ಪೀಸ್ ಕಾರ್ಪ್ಸ್‌ನ ರಾಜಕೀಯದ ಬಗ್ಗೆ ನನಗೆ ತಕರಾರಿದೆ. ಆದರೆ ಎರಡು ವರ್ಷ ಇರಬೇಕು, ಮೊದಲು ಭಾಷೆ ಕಲಿಯಬೇಕು ಎಂಬಷ್ಟು ವಿವೇಕ ಅದಕ್ಕೂ ಇತ್ತು. ಹಬ್ಬದ ದಿನಗಳಲ್ಲಿ ನಾನು ಯಾರ ಟೀಚರೂ ಆಗಿರಲಿಲ್ಲ. ನಾನಿದ್ದ ಮನೆಯ ಆಮಾ ಸೇಲ್ ರೋಟಿ ಕರಿಯುವಾಗ ಒಲೆಗೆ ಸೌದೆ ಒಡ್ಡುತ್ತಿದ್ದೆ, ಅಷ್ಟೇ.

ಇಷ್ಟು ಕೇಳಿದ ಮೇಲೂ ಆ ಮಕ್ಕಳಿಗೆ ಏನಾದರೂ ಮಾಡಲೇಬೇಕು ಎನ್ನಿಸಿದರೆ ವಿಮಾನ ಹತ್ತಬೇಕಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಇಳಿದು ಹೋಗಿ. ಅಲ್ಲಿ ಕೂತಿರುವ ನೇಪಾಳಿ ಅಣ್ಣನಿಗೆ ದಶೈಂಗೆ ಎಷ್ಟು ದಿನ ರಜೆ ಕೊಡುತ್ತಾರೆ, ಆ ದಿನಗಳ ಸಂಬಳ ಹಿಡಿಯುತ್ತಾರಾ, ವಾಪಸ್ ಬಂದಾಗ ಕೆಲಸ ಇರುತ್ತದಾ ಎಂದು ಕೇಳಿ. ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಸಂಬಳಸಹಿತ ಒಂದು ತಿಂಗಳ ರಜೆಗಾಗಿ ಜಗಳವಾಡಿ. ಆ ಹುಡುಗಿಯ ಅಪ್ಪ ಭಾನುವಾರವೇ ಹೊರಡಬೇಕಾಗಿದ್ದು ಇಲ್ಲಿ ರಜೆ ಮುಗಿದಿತ್ತು ಎಂಬ ಕಾರಣಕ್ಕೆ.