ಅನುಮತಿ ಸಿಕ್ಕಿತು, ಊರಿಗೆ ಹೇಳಿದವರಾರು?

ಅರವತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಹಳ್ಳಿಗರಿಗೆ ರೋಗದ ಅರಿವೇ ಇರುವುದಿಲ್ಲ, ಆದ್ದರಿಂದ ಎಕ್ಸ್‌ರೇ ವಾಹನ ತೆಗೆದುಕೊಂಡು ಹೋಗಿ ಮನೆಮನೆಯಲ್ಲಿ ಹುಡುಕಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಇವರು ಮಾಡಿದ್ದು ಇಷ್ಟೇ: ಕ್ಷಯ ಇದ್ದವರನ್ನು ಹುಡುಕಿ, ನಿಮಗೇನಾಗುತ್ತಿದೆ, ಅದಕ್ಕೆ ನೀವೇನು ಮಾಡಿದಿರಿ ಎಂದು ಕೇಳಿದರು. ಬಂದ ಉತ್ತರ ತಜ್ಞರ ಮುಖಕ್ಕೆ ಕನ್ನಡಿ ಹಿಡಿಯಿತು. ಹೆಚ್ಚಿನವರಿಗೆ ತಮ್ಮ ಕೆಮ್ಮಿನ ಅರಿವು ಇತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿಬಂದಿದ್ದರು. ಅಲ್ಲಿ ಕಫ ಪರೀಕ್ಷಿಸುವವರಿರಲಿಲ್ಲ. ಕೆಮ್ಮಿನ ಔಷಧಿ ಕೊಟ್ಟು ಕಳುಹಿಸುತ್ತಿದ್ದರು. ರೋಗಿ ಆಸ್ಪತ್ರೆಯನ್ನು ಹುಡುಕಿಕೊಂಡು ಬಂದಿದ್ದ. ಕಾಯಿಲೆಯನ್ನು ಗುರುತಿಸದೆ ಇದ್ದದ್ದು ಆಸ್ಪತ್ರೆ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮಾಡುವ ದಾರಿ ಹಿಡಿಯಿತು. ಅದರ ಹಿಂದೆ ತುಮಕೂರಿನ ಆ ಹಳ್ಳಿಗರ ಮಾತು ಇದೆ.

ಅದೇ ಸಂಸ್ಥೆಯ ಇನ್ನೊಂದು ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಸಂಸ್ಥೆ ಪದೇಪದೇ ಸಮೀಕ್ಷೆ ನಡೆಸಿತು. ಸಂಘಟಿತ ಚಿಕಿತ್ಸಾ ಕಾರ್ಯಕ್ರಮ ಇನ್ನೂ ತಲುಪದಿದ್ದ ಹಳ್ಳಿಗಳು ಅವು. ಕಫದಲ್ಲಿ ರೋಗಾಣು ಕಂಡ 126 ಮಂದಿಯನ್ನು ಐದು ವರ್ಷ ಗಮನಿಸಿದಾಗ 49.2% ಜನ ತೀರಿಕೊಂಡಿದ್ದರು, 32.5% ಜನ ಗುಣವಾಗಿದ್ದರು, ಉಳಿದ 18.3% ಜನರ ಕಫದಲ್ಲಿ ರೋಗಾಣು ಹಾಗೇ ಇತ್ತು. ಚಿಕಿತ್ಸೆ ಇಲ್ಲದಿದ್ದರೆ ಕ್ಷಯ ಹೇಗೆ ಸಾಗುತ್ತದೆ ಎಂದು ಹೇಳುವಾಗ ಜಗತ್ತಿನ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು ಇವತ್ತಿಗೂ ಈ ಅಂಕಿಗಳನ್ನು ಎತ್ತಿಕೊಳ್ಳುತ್ತಾರೆ. ಜ್ಞಾನದ ಲೆಕ್ಕದಲ್ಲಿ ಇದು ಅಮೂಲ್ಯ. ಆದರೆ ಇಂದಿನ ಯಾವ ಎಥಿಕ್ಸ್ ಸಮಿತಿಯೂ ಇದಕ್ಕೆ ಒಪ್ಪುವುದಿಲ್ಲ. ಆ ಕಾಲದವರನ್ನು ಈ ಕಾಲದ ಕಟಕಟೆಗೆ ಎಳೆಯುವುದು ನನ್ನ ಉದ್ದೇಶವಲ್ಲ. ಸಂಶೋಧನೆಯಿಂದ ದೊಡ್ಡ ಲಾಭವಾಗುತ್ತದೆ ಎಂಬುದೂ, ಅದಕ್ಕೆ ಮೈಯೊಡ್ಡಿದವರಿಗೆ ಅದರ ಸುದ್ದಿ ತಲುಪುವುದಿಲ್ಲ ಎಂಬುದೂ ಒಟ್ಟಿಗೇ ನಿಜವಾಗಿರಬಹುದು ಎಂದಷ್ಟೇ ಹೇಳುತ್ತಿದ್ದೇನೆ. ಆ ಎರಡನೆಯ ಸಂಗತಿ ಅರವತ್ತು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಈಗ ಅನುಮತಿಯ ವ್ಯವಸ್ಥೆ ಬೆಳೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ನೈತಿಕ ಮಾರ್ಗಸೂಚಿಗಳನ್ನು ಪರಿಷ್ಕರಿಸಿತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಆರೋಗ್ಯ ಸಂಶೋಧನೆಯ ಎಥಿಕ್ಸ್ ಸಮಿತಿಗಳು ನೋಂದಣಿ ಮಾಡಿಸಿಕೊಳ್ಳಬೇಕು ಎಂದವು. ಶಾಲೆಯ ಮಕ್ಕಳ ಕಲಿಕೆ, ಅಂಗನವಾಡಿಯ ಪೋಷಣೆ, ಪಿಂಚಣಿ, ಪಡಿತರದ ವಿಷಯಕ್ಕೆ ಬಂದರೆ ಹಗ್ಗ ಸಡಿಲ. ಒಳ್ಳೆಯ ವಿಶ್ವವಿದ್ಯಾಲಯಗಳು ತಮ್ಮದೇ ಸಮಿತಿ ಇಟ್ಟುಕೊಂಡಿವೆ. ಉಳಿದಂತೆ ಇಲಾಖೆಯಿಂದ ಒಂದು ಪತ್ರ ಸಿಕ್ಕರೆ ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲು ತೆರೆಯುತ್ತದೆ. ಎರಡೂ ಕಡೆ ಒಂದು ಸಮಾನ ಲಕ್ಷಣವಿದೆ. ಅನುಮೋದನೆ ಎಂಬುದು ಸಂಶೋಧಕ ಮತ್ತು ಅನುಮತಿ ಕೊಡುವವರ ನಡುವಿನ ಕಾಗದ. ಯಾರ ಮಗುವನ್ನು ತೂಗುತ್ತಾರೋ ಯಾರ ರಕ್ತ ತೆಗೆಯುತ್ತಾರೋ ಅವರ ಕೈಗೆ ಹೆಚ್ಚೆಂದರೆ ಸಹಿ ಹಾಕುವ ಹಾಳೆ ಬರುತ್ತದೆ. ಅನುಮೋದನೆ ಪಡೆದ ಪ್ರತಿ ಯೋಜನೆಯ ಹೆಸರು, ಅದು ಕೇಳುವ ಪ್ರಶ್ನೆ, ಹಣ ಕೊಟ್ಟವರು, ನಡೆಯುವ ತಾಲ್ಲೂಕು, ಮುಗಿದ ಮೇಲೆ ಸಿಕ್ಕ ಫಲಿತಾಂಶ ಇವಿಷ್ಟೂ ಕನ್ನಡದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಒಂದೇ ಪಟ್ಟಿಯಲ್ಲಿ ಇರಬೇಕು. ಇದು ಸೌಜನ್ಯದ ಮಾತಲ್ಲ. ಅನುಮೋದನೆಯ ಷರತ್ತೇ ಆಗಬೇಕು.

ಅನುಮತಿ ಒಂದೇ ಸಾಲದು ಎನ್ನುವುದಕ್ಕೆ 2009ರ ಎಚ್‌ಪಿವಿ ಲಸಿಕೆ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಡ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸುಮಾರು 24,000 ಬಾಲಕಿಯರಿಗೆ ಕೊಡಲಾಯಿತು. ಅಮೆರಿಕ ಮೂಲದ ಪಾತ್ ಸಂಸ್ಥೆ, ವೈದ್ಯಕೀಯ ಸಂಶೋಧನಾ ಮಂಡಳಿ, ಎರಡು ರಾಜ್ಯ ಸರ್ಕಾರಗಳು, ಎಲ್ಲರೂ ಜೊತೆಗಿದ್ದರು. ಕಾಗದಪತ್ರಕ್ಕೆ ಕೊರತೆ ಇರಲಿಲ್ಲ. ಕ್ಲಿನಿಕಲ್ ಟ್ರಯಲ್ ಎನ್ನದೆ ಪ್ರಾತ್ಯಕ್ಷಿಕೆ ಯೋಜನೆ ಎಂದು ಹೆಸರಿಟ್ಟದ್ದರಿಂದ ಟ್ರಯಲ್‌ನ ಬಿಗಿ ನಿಯಮಗಳು ಅನ್ವಯವಾಗುತ್ತವೋ ಇಲ್ಲವೋ ಎಂಬ ಚರ್ಚೆಗೂ ಜಾಗವಾಯಿತು. ಏಳು ಬಾಲಕಿಯರು ಸತ್ತ ಸುದ್ದಿ ಹೊರಬಂದ ಮೇಲೆ 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಾಧ್ಯತೆ ಇಲ್ಲವೆಂದೇ ತನಿಖಾ ಸಮಿತಿ ಹೇಳಿತು. ಅದನ್ನು ಒಪ್ಪದಿರಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಸಂಸದೀಯ ಸ್ಥಾಯಿ ಸಮಿತಿ 2013ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ದಾಖಲಾದ ಒಪ್ಪಿಗೆ ಪತ್ರಗಳ ಲೆಕ್ಕವನ್ನು ಓದಬೇಕು. ಆಂಧ್ರದ 9,543 ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟು ಒತ್ತಲಾಗಿತ್ತು, 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ತಾಯಿತಂದೆ ಇದ್ದೂ ವಾರ್ಡನ್ ಪೋಷಕನಾದ. ಒಳ್ಳೆಯ ಲಸಿಕೆಯೊಂದರ ಹೆಸರು ಈ ದೇಶದಲ್ಲಿ ವರ್ಷಗಟ್ಟಲೆ ಕೆಟ್ಟುಹೋದದ್ದರಲ್ಲಿ ಔಷಧಿಯ ದೋಷಕ್ಕಿಂತ ಈ ಸಹಿಗಳ ಪಾಲು ದೊಡ್ಡದು. ಖಮ್ಮಂನಲ್ಲಿ ಇಂಥದ್ದೊಂದು ಅಧ್ಯಯನ ನಡೆಯಲಿದೆ, ನಡೆಸುವವರು ಇವರು, ಹಣ ಇಂಥವರದು ಎಂದು ಮೊದಲೇ ತೆಲುಗಿನಲ್ಲಿ ಎಲ್ಲರಿಗೂ ಗೊತ್ತಾಗಿದ್ದರೆ ವಾರ್ಡನ್ ಸಹಿ ಅಷ್ಟು ಸುಲಭವಾಗುತ್ತಿರಲಿಲ್ಲ. ಒಬ್ಬ ಪತ್ರಕರ್ತನೋ ಒಬ್ಬ ಶಿಕ್ಷಕಿಯೋ ತಕರಾರು ತೆಗೆಯುತ್ತಿದ್ದರು.

ಪಟ್ಟಿ ಪ್ರಕಟಿಸಿದರೆ ಸಂಶೋಧನೆಯೇ ಹೆಚ್ಚು ಪ್ರಾಮಾಣಿಕವಾಗುತ್ತದೆ ಎನ್ನುವುದಕ್ಕೂ ಪುರಾವೆ ಇದೆ. ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ನೆರವಿನಿಂದ ನಡೆದ ದೊಡ್ಡ ಟ್ರಯಲ್‌ಗಳನ್ನು ರಾಬರ್ಟ್ ಕ್ಯಾಪ್ಲಾನ್ ಮತ್ತು ವೆರೋನಿಕಾ ಇರ್ವಿನ್ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಯಾವ ಫಲಿತಾಂಶವನ್ನು ಅಳೆಯುತ್ತೇವೆ ಎಂದು ಮೊದಲೇ ಸಾರ್ವಜನಿಕವಾಗಿ ನೋಂದಾಯಿಸುವ ಪದ್ಧತಿ ಅಲ್ಲಿ ಬಂದದ್ದು 2000ದಲ್ಲಿ. ಅದಕ್ಕೆ ಮೊದಲಿನ 30 ಟ್ರಯಲ್‌ಗಳಲ್ಲಿ 17 ಚಿಕಿತ್ಸೆ ಫಲಕಾರಿ ಎಂದಿದ್ದವು. ನಂತರದ 25ರಲ್ಲಿ ಹಾಗೆಂದದ್ದು ಎರಡೇ. ಔಷಧಿಗಳೆಲ್ಲ ಒಮ್ಮೆಲೇ ಬಲಹೀನವಾದವು ಎಂದು ಯಾರೂ ನಂಬುವುದಿಲ್ಲ. ಇದೊಂದೇ ಕಾರಣ ಎಂದು ಆ ಲೆಕ್ಕ ಸಾಬೀತುಪಡಿಸುವುದಿಲ್ಲ, ನಿಜ. ಆದರೆ ಬಾಣ ಬಿಟ್ಟ ಮೇಲೆ ಗುರಿಯ ಸುತ್ತ ವೃತ್ತ ಎಳೆಯುವ ಅಭ್ಯಾಸಕ್ಕೆ ನೋಂದಣಿ ಕಡಿವಾಣ ಹಾಕಿತು ಎನ್ನುವುದೇ ಹೆಚ್ಚು ಸಹಜವಾದ ವಿವರಣೆ. ನಮ್ಮಲ್ಲೂ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ 2007ರ ಜುಲೈನಲ್ಲಿ ಶುರುವಾಯಿತು. 2009ರ ಜೂನ್ 15ರಿಂದ ಔಷಧ ಟ್ರಯಲ್‌ಗಳಿಗೆ ನೋಂದಣಿ ಕಡ್ಡಾಯವಾಯಿತು. ಒಂದು ಮಾತ್ರೆ ಪರೀಕ್ಷಿಸಬೇಕಾದರೆ ಮೊದಲೇ ಹೇಳಬೇಕು. ಸಾವಿರ ಶಾಲೆಗಳ ಪಾಠದ ವಿಧಾನವನ್ನೇ ಬದಲಿಸಿ ನೋಡುವವರಿಗೆ ಆ ಕಟ್ಟುಪಾಡಿಲ್ಲ.

ಕರ್ನಾಟಕದಲ್ಲಿ ಒಳ್ಳೆಯ ಸಂಶೋಧನೆಯ ಬರವಿಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಹೃದಯ, ಕ್ಯಾನ್ಸರ್, ಸುಟ್ಟಗಾಯದಂಥ ದುಬಾರಿ ಚಿಕಿತ್ಸೆ ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಆರಂಭವಾಗಿ, ದಕ್ಷಿಣಕ್ಕೆ ಆಮೇಲೆ ಬಂತು. ಈ ಅಂತರವನ್ನು ಸಂಶೋಧಕರು ಜಾಣತನದಿಂದ ಬಳಸಿಕೊಂಡರು. ಯೋಜನೆ ಬಂದಿದ್ದ 300 ಹಳ್ಳಿಗಳನ್ನು ಗಡಿಯಾಚೆ ಇನ್ನೂ ಬಾರದಿದ್ದ 272 ಹಳ್ಳಿಗಳ ಜೊತೆ ಹೋಲಿಸಿ, ಅರವತ್ತು ಸಾವಿರದಷ್ಟು ಮನೆಗಳ ಲೆಕ್ಕ ತೆಗೆದರು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾಗುವ ಸಾವು ಬಡ ಕುಟುಂಬಗಳಲ್ಲಿ 64% ಕಡಿಮೆ, ಆಸ್ಪತ್ರೆಗೆ ಜೇಬಿನಿಂದ ತೆರುವ ಖರ್ಚು 34% ಕಡಿಮೆ ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 64% ನನಗೆ ಸ್ವಲ್ಪ ಹೆಚ್ಚೆಂದೇ ತೋರುತ್ತದೆ. ಹಾಗೆ ಅನುಮಾನಪಡಲು ಸಾಧ್ಯವಾಗುವುದೂ ವಿಧಾನ, ಲೆಕ್ಕ ಎರಡನ್ನೂ ಅವರು ಬಿಚ್ಚಿಟ್ಟಿರುವುದರಿಂದಲೇ. ಆದರೆ ಬಿಚ್ಚಿಟ್ಟದ್ದು ಇಂಗ್ಲಿಷ್ ಬಲ್ಲ ವೈದ್ಯರ ಮುಂದೆ. ತಮ್ಮ ಮನೆಯ ಸಾವುಗಳ ವಿವರ ಕೊಟ್ಟ ಆ 572 ಹಳ್ಳಿಗಳಲ್ಲಿ ಒಂದರ ಗ್ರಾಮಸಭೆಯಲ್ಲಾದರೂ ಅದನ್ನು ಓದಿ ಹೇಳಬೇಕೆಂದು ಯಾವ ನಿಯಮವೂ ಕೇಳಲಿಲ್ಲ.

ಮೊಟ್ಟೆಯ ವಿಷಯ ಇನ್ನೂ ಹತ್ತಿರದ್ದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರುವಾದಾಗ ಮಠಗಳಿಂದ ವಿರೋಧ ಬಂತು, ಬೀದಿಯಲ್ಲಿ ವಾಗ್ವಾದ ಎದ್ದಿತು. ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿತು. ಯಾದಗಿರಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ತೂಕದಲ್ಲಿ ಮುಂದಿದ್ದರು. 2022ರಲ್ಲಿ ಸರ್ಕಾರ ಮೊಟ್ಟೆಯನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿತು. ಇಂಥ ವಾಗ್ವಾದದಲ್ಲಿ ಅಧ್ಯಯನವೇ ಪಕ್ಷಪಾತಿ ಎಂದುಬಿಡುವುದು ಬಹಳ ಸುಲಭ. ಯಾವ ಜಿಲ್ಲೆಯನ್ನು ಯಾವುದರೊಂದಿಗೆ ಹೋಲಿಸುತ್ತೇವೆ, ಏನು ಅಳೆಯುತ್ತೇವೆ ಎಂಬುದು ಮೊದಲ ಮಗುವನ್ನು ತೂಗುವ ಮುಂಚೆಯೇ ಸಾರ್ವಜನಿಕ ಪಟ್ಟಿಯಲ್ಲಿದ್ದರೆ ಆ ಆರೋಪಕ್ಕೆ ಕಾಲೂರಲು ನೆಲವೇ ಸಿಗುವುದಿಲ್ಲ. ಮೊಟ್ಟೆಯ ಪರ ಇರುವವರಿಗೂ ವಿರೋಧ ಇರುವವರಿಗೂ ಅದೇ ತಕ್ಕಡಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವು ಗಟ್ಟಿಯಾಗಿವೆ. ಈಗಲೇ ಅನುಮತಿಗೆ ತಿಂಗಳುಗಟ್ಟಲೆ ಅಲೆಯಬೇಕು, ಇನ್ನೊಂದು ಕಿಟಕಿ ಯಾಕೆ ಎಂದು ಪಿಎಚ್‌.ಡಿ ವಿದ್ಯಾರ್ಥಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಪಟ್ಟಿಗೆ ಬೇಕಾದ ವಿವರಗಳೆಲ್ಲ ಅನುಮತಿಯ ಅರ್ಜಿಯಲ್ಲೇ ಇರುತ್ತವೆ. ಅದನ್ನು ಒಂದು ಪುಟಕ್ಕೆ ಇಳಿಸಿ ಕನ್ನಡಕ್ಕೆ ತರುವುದು ಒಂದು ಮಧ್ಯಾಹ್ನದ ಕೆಲಸ, ಅದನ್ನು ಅನುಮತಿ ಕೊಡುವ ಕಚೇರಿಯೇ ಮಾಡಬಹುದು. ಇದಕ್ಕಿಂತ ಗಂಭೀರವಾದದ್ದು ಅಧಿಕಾರಿಗಳ ಭಯ: ಫಲಿತಾಂಶ ಪ್ರಕಟಿಸಲೇಬೇಕೆಂದರೆ ಮುಜುಗರ ತರುವ ಸಂಶೋಧನೆಗೆ ಇಲಾಖೆ ಒಪ್ಪಿಗೆಯನ್ನೇ ಕೊಡದು. ಹಾಗಾಗುವ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ. ಈಗಿನ ಸ್ಥಿತಿಯಲ್ಲಿ ಮುಜುಗರ ತಂದ ವರದಿ ಕಪಾಟಿನಲ್ಲಿ ಮಲಗುತ್ತದೆ, ಹೊಗಳಿದ ವರದಿಗೆ ಪತ್ರಿಕಾಗೋಷ್ಠಿ ಸಿಗುತ್ತದೆ. ನಿರಾಕರಣೆಯಾದರೂ ಕಣ್ಣಿಗೆ ಕಾಣುತ್ತದೆ, ಅದನ್ನು ಪ್ರಶ್ನಿಸಬಹುದು; ಕಪಾಟು ಕಾಣುವುದೂ ಇಲ್ಲ. ಅಷ್ಟಕ್ಕೂ ರಾಜ್ಯಕ್ಕೆ ಇದು ಹೊಸದಲ್ಲ. ಸರ್ಕಾರಿ ಯೋಜನೆಗಳನ್ನು ಹೊರಗಿನವರಿಂದ ಮೌಲ್ಯಮಾಪನ ಮಾಡಿಸಲೆಂದೇ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಹುಟ್ಟಿತು, ಅದರ ವರದಿಗಳು ಜಾಲತಾಣದಲ್ಲಿ ಸಿಗುತ್ತವೆ, ಯಾವ ಸರ್ಕಾರವೂ ಅದರಿಂದ ಬಿದ್ದಿಲ್ಲ. ಅದೇ ಬಾಗಿಲನ್ನು ವಿಶ್ವವಿದ್ಯಾಲಯದ ಸಂಶೋಧನೆಗೂ ಸ್ವಲ್ಪ ಅಗಲಿಸಬೇಕಾಗಿದೆ.

ಖಾಸಗಿತನದ ಪ್ರಶ್ನೆಗೆ ಇಂಗ್ಲೆಂಡಿನ ಅನುಭವ ಉಪಯುಕ್ತ. ಅಲ್ಲಿ ರೋಗಿಗಳ ವೈದ್ಯಕೀಯ ದಾಖಲೆಗಳನ್ನು ಒಂದೆಡೆ ಸೇರಿಸುವ ಕೇರ್.ಡೇಟಾ ಯೋಜನೆ ಕಾನೂನಿನ ಬೆಂಬಲದೊಂದಿಗೇ ಹೊರಟಿತ್ತು. ಆ ದಾಖಲೆ ಯಾರ ಕೈಗೆ, ಯಾತಕ್ಕೆ ಹೋಗುತ್ತದೆ ಎಂದು ಜನರಿಗೆ ಸರಿಯಾಗಿ ಹೇಳಿರಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. 2014ರಲ್ಲಿ ಯೋಜನೆಯನ್ನು ತಡೆಹಿಡಿದು 2016ರಲ್ಲಿ ಕೈಬಿಟ್ಟರು. ಸರ್ಕಾರದ ಇತರ ದತ್ತಾಂಶಗಳಿಗಾಗಿ 2017ರಲ್ಲಿ ಬಂದ ಡಿಜಿಟಲ್ ಎಕಾನಮಿ ಕಾಯ್ದೆಯಡಿ ಅಲ್ಲಿ ಈಗ ಮಾನ್ಯತೆ ಪಡೆದ ಸಂಶೋಧನಾ ಯೋಜನೆಗಳ ಪಟ್ಟಿಯನ್ನೇ ಸಾರ್ವಜನಿಕವಾಗಿ ಇಡುತ್ತಾರೆ. ಅದರಲ್ಲಿ ಯಾವ ರೋಗಿಯ, ಯಾವ ವಿದ್ಯಾರ್ಥಿಯ ಹೆಸರೂ ಇರುವುದಿಲ್ಲ. ಇರುವುದು ಅವರ ವಿವರ ಮುಟ್ಟುವವರ ಹೆಸರು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ದೊಡ್ಡ ವಿನಾಯಿತಿ ಕೊಟ್ಟಿದೆ. ನಿರ್ದಿಷ್ಟ ವ್ಯಕ್ತಿಯ ಬಗ್ಗೆ ನಿರ್ಧಾರ ತೆಗೆದುಕೊಳ್ಳಲು ಬಳಸದಿದ್ದರೆ, ಸರ್ಕಾರ ಗೊತ್ತುಪಡಿಸಿದ ಮಾನದಂಡ ಪಾಲಿಸಿದರೆ ಸಾಕು. ವಿನಾಯಿತಿ ಬೇಕು, ಇಲ್ಲದಿದ್ದರೆ ಆರೋಗ್ಯಶ್ರೀಯಂಥ ಅಧ್ಯಯನಗಳೇ ಕಷ್ಟ. ಅಷ್ಟು ದೊಡ್ಡ ಸಲುಗೆ ಪಡೆದವರು ತಮ್ಮ ಹೆಸರನ್ನಾದರೂ ಬಾಗಿಲಲ್ಲಿ ಬರೆಯಬೇಕೆಂದು ಕೇಳುವುದು ಅತಿಯಲ್ಲ.

ಪ್ರಶ್ನೆ ಮೊದಲೇ ತಿಳಿದರೆ ಜನ ಬೇರೆ ರೀತಿ ನಡೆದುಕೊಳ್ಳುತ್ತಾರೆ, ಫಲಿತಾಂಶ ಕೆಡುತ್ತದೆ ಎಂಬ ವಿದ್ವತ್ತಿನ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಲಂಚ ಅಥವಾ ಜಾತಿ ತಾರತಮ್ಯ ಕುರಿತ ಕೆಲವು ಅಧ್ಯಯನಗಳಿಗೆ ಗುಟ್ಟು ಬೇಕೇ ಬೇಕು. ಅಂಥವುಗಳ ವಿವರವನ್ನು ಮುದ್ರೆ ಒತ್ತಿ ಇಟ್ಟು, ಕ್ಷೇತ್ರಕಾರ್ಯ ಮುಗಿದ ದಿನ ತೆರೆಯಬಹುದು. ಮಗುವಿನ ತೂಕಕ್ಕೋ ಗಣಿತದ ಅಂಕಕ್ಕೋ ಆ ನೆಪ ಹೊಂದುವುದಿಲ್ಲ. ಇನ್ನು ಜನಸಾಮಾನ್ಯರು ಅಂಕಿಅಂಶವನ್ನು ತಪ್ಪಾಗಿ ಓದುತ್ತಾರೆ ಎನ್ನುವವರು ತುಮಕೂರಿನ ಕಥೆಯನ್ನು ಮತ್ತೊಮ್ಮೆ ನೋಡಲಿ. ಅಲ್ಲಿ ತಪ್ಪಾಗಿ ಓದಿದ್ದು ಹಳ್ಳಿಗರಲ್ಲ. ಬಿಸಿಯೂಟದ ವಾರದ ಪಟ್ಟಿಯನ್ನು ಶಾಲೆಯ ಗೋಡೆಗೆ ಬರೆಸುವ ಇಲಾಖೆಗೆ, ಈ ಶಾಲೆಯಲ್ಲಿ ಈ ವರ್ಷ ಯಾರು ಏನನ್ನು ಅಳೆಯುತ್ತಿದ್ದಾರೆ ಎಂದು ಅದರ ಕೆಳಗೆ ಎರಡು ಸಾಲು ಬರೆಸುವುದು, ಫಲಿತಾಂಶ ಬಂದಾಗ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಓದಿಸುವುದು ಕಷ್ಟವಾಗಬಾರದು. ಸುಣ್ಣಬಣ್ಣದ ಅನುದಾನದಲ್ಲೇ ಅದು ಆಗುತ್ತದೆ.