ಅನ್ನದಾತನಿಗೆ ಶಾಲು ಬೇಡ, ಕಬ್ಬಿನ ಹಣ ಕೊಡಿ

ಡಿಸೆಂಬರ್ 23 ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ರೈತ ದಿನಾಚರಣೆಯ ಶಾಮಿಯಾನಗಳು ಏಳುತ್ತವೆ. ಚೌಧರಿ ಚರಣ್ ಸಿಂಗರು ಹುಟ್ಟಿದ ಆ ದಿನವನ್ನು 2001ರಿಂದ ಸರ್ಕಾರದವರು ರೈತರ ದಿನವೆಂದು ಗೊತ್ತುಮಾಡಿದ್ದಾರೆ. ಮಂಡ್ಯವಾಗಲಿ, ಮದ್ದೂರಾಗಲಿ, ಮಳವಳ್ಳಿಯಾಗಲಿ, ನೋಟ ಒಂದೇ. ವೇದಿಕೆಯ ಮೇಲೆ ಆಳುವವರೂ ಅಧಿಕಾರಿಗಳೂ ಸಾಲಾಗಿ ಕುಳಿತು, ರೈತನೊಬ್ಬನನ್ನು ಕರೆದು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಅವನೇ ದೇಶದ ಬೆನ್ನೆಲುಬು ಎಂದು ಕೊಂಡಾಡುತ್ತಾರೆ. ಆ ಬೆನ್ನೆಲುಬಿನ ಮೇಲೆ ಎಷ್ಟು ಹೊರೆ ಹೇರಿದೆ ಎಂಬ ಲೆಕ್ಕವನ್ನು ಮಾತ್ರ ಆ ವೇದಿಕೆಯಲ್ಲಿ ಯಾರೂ ಓದುವುದಿಲ್ಲ.

ರೈತನನ್ನು ಹೊಗಳಬಾರದೆಂದು ನಾವು ಹೇಳುವುದಿಲ್ಲ. ಅವನ ದುಡಿಮೆಗೆ ಎಷ್ಟು ಹೊಗಳಿದರೂ ಕಡಮೆಯೇ. ಆದರೆ ಕೊಡಬೇಕಾದ ಹಣದ ಬದಲಿಗೆ ಹೊಗಳಿಕೆಯನ್ನು ಕೊಡುವುದು ಮೋಸ. ಅಂಗಡಿಯಲ್ಲಿ ಸಾಮಾನು ಕೊಂಡು, ಹಣ ಕೇಳಿದಾಗ ಶೆಟ್ಟರೇ ನೀವು ದೊಡ್ಡವರು ಎಂದು ಕೈಮುಗಿದು ಹೊರಟವನನ್ನು ಪೇಟೆಯ ಜನ ಏನೆಂದು ಕರೆಯುತ್ತಾರೋ, ಸರ್ಕಾರವನ್ನೂ ನಾವು ಹಾಗೆಯೇ ಕರೆಯಬೇಕಾಗಿದೆ.

ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಗಿರಣಿಯಲ್ಲಿ ಪಾಳಿ ಮಾಡುವವರು, ಪೇಟೆ ಬೀದಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು. ಕಬ್ಬಿನ ದರದ ಜಗಳ ರೈತರದು, ನಮಗೇಕೆ ಎಂದು ಕೆಲವರು ಕೇಳುತ್ತಾರೆ. ರೈತನಿಗೆ ಕರೆಂಟು ಬಿಟ್ಟಿ, ನೀರು ಬಿಟ್ಟಿ, ಸಾಲವೂ ಮನ್ನಾ, ಇನ್ನೇನು ಬೇಕಂತೆ ಎಂದು ಗೊಣಗುವವರೂ ಉಂಟು. ಈ ಮಾತನ್ನು ದುಡಿಯುವವರ ಬಾಯಿಗೆ ತುರುಕಿದವರು ಯಾರು? ದುಡಿಯುವ ಮೂವರು ಒಂದಾಗದಿದ್ದರೆ ಯಾರಿಗೆ ಲಾಭವೋ ಅವರೇ. ಆದ್ದರಿಂದ ಇಂದು ಮೂರು ಲೆಕ್ಕಗಳನ್ನು ಓದುಗರ ಮುಂದೆ ಇಡುತ್ತೇವೆ. ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು.

ಮೊದಲನೆಯದು ದರದ ಲೆಕ್ಕ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿನ ನ್ಯಾಯಸಮ್ಮತ ದರವನ್ನು ಟನ್ನಿಗೆ 3,550 ರೂಪಾಯಿ ಎಂದು ಸಾರಿತು. ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದು ಇದೇ ಅಂಕಿ. ಆದರೆ ಈ ದರ ನೂರು ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ ಬರುವ ಕಬ್ಬಿಗೆ. ಇಳುವರಿ ಇಳಿದಂತೆ ದರವೂ ಇಳಿಯುತ್ತದೆ. ಇಳುವರಿ 9.5 ಅಥವಾ ಅದಕ್ಕೂ ಕೆಳಗಿದ್ದರೆ ಸಿಗುವುದು 3,290 ರೂಪಾಯಿ 50 ಪೈಸೆ. ನಮ್ಮ ನಾಲೆ ಬಯಲಿನ ಕಬ್ಬು ಬೆಳಗಾವಿ, ಬಾಗಲಕೋಟೆ ಸೀಮೆಯ ಕಬ್ಬಿನಷ್ಟು ಸಕ್ಕರೆ ಕೊಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಹೀಗೆ ಸಾರಿದ ದರಕ್ಕೂ ಕೈಗೆ ಬರುವ ದರಕ್ಕೂ ಟನ್ನಿಗೆ 259 ರೂಪಾಯಿ 50 ಪೈಸೆ ವ್ಯತ್ಯಾಸ. ಎಕರೆಗೆ 40 ಟನ್ ಎಂದು ಹಿಡಿದರೆ 10,380 ರೂಪಾಯಿ. ಇದರ ಮೇಲೆ ಕಟಾವಿನ ಕೂಲಿ, ಲಾರಿ ಬಾಡಿಗೆ ಬೇರೆ ಕಳೆಯಬೇಕು.

ಈ 10.25 ಎಂಬ ಗೆರೆ ಆಕಾಶದಿಂದ ಬಿದ್ದುದಲ್ಲ. ಮೊದಲು ದರವನ್ನು 8.5ರ ಇಳುವರಿಗೆ ಕಟ್ಟುತ್ತಿದ್ದರು. ಆಮೇಲೆ ಅದನ್ನು 9.5ಕ್ಕೆ ಏರಿಸಿದರು. 2018-19ರಲ್ಲಿ 10 ಮಾಡಿದರು. 2022-23ರಲ್ಲಿ 10.25 ಮಾಡಿದರು. ದರವನ್ನು ಒಂದು ಕೈಯಲ್ಲಿ ಏರಿಸುತ್ತ, ಅಳತೆಗೋಲನ್ನು ಇನ್ನೊಂದು ಕೈಯಲ್ಲಿ ಉದ್ದ ಮಾಡುತ್ತ ಬಂದರು. ಬಟ್ಟೆ ಅಂಗಡಿಯವನು ಗಜಕಡ್ಡಿಯನ್ನು ವರ್ಷ ವರ್ಷವೂ ಬದಲಾಯಿಸಿದರೆ ಗಿರಾಕಿ ಸುಮ್ಮನಿರುತ್ತಾನೆಯೇ?

ಇಳುವರಿಯನ್ನು ಅಳೆಯುವುದಾದರೂ ಎಲ್ಲಿ? ಕಾರ್ಖಾನೆಯ ಒಳಗೆ, ಕಾರ್ಖಾನೆಯದೇ ಪ್ರಯೋಗಶಾಲೆಯಲ್ಲಿ. ಕಬ್ಬಿನ ತೂಕವೂ ಕಾರ್ಖಾನೆಯ ತೂಕದ ಮನೆಯಲ್ಲಿಯೇ. ಕಾರ್ಮಿಕ ಬಂಧುಗಳೇ, ನಿಮಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಕಡಿದ ಕಬ್ಬು ಯಾರ್ಡಿನಲ್ಲಿ ಎರಡು ದಿನ ಬಿಸಿಲಿಗೆ ಒಣಗಿದರೆ ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ. ಹಳೆಯ ಯಂತ್ರ ಕೆಟ್ಟು ನಿಂತರೂ ಹಾಗೆಯೇ. ಈ ತಪ್ಪು ಯಾವುದೂ ರೈತನದಲ್ಲ, ನಿಮ್ಮದೂ ಅಲ್ಲ. ದಂಡ ತೆರುವವನು ಮಾತ್ರ ರೈತ.

ಎರಡನೆಯದು ಬಾಕಿಯ ಲೆಕ್ಕ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ತೆಗೆದುಕೊಂಡ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು. ಒಂದು ಲಕ್ಷ ರೂಪಾಯಿಯ ಕಬ್ಬಿನ ಬಿಲ್ಲು ಆರು ತಿಂಗಳು ತಡವಾಯಿತು ಎಂದಿಟ್ಟುಕೊಳ್ಳಿ. ಕಾನೂನಿನಂತೆ ರೈತನಿಗೆ 7,500 ರೂಪಾಯಿ ಬಡ್ಡಿ ಬರಬೇಕು. ಅದನ್ನು ಕೇಳದೆ ಎಣಿಸಿಕೊಟ್ಟ ಕಾರ್ಖಾನೆ ಯಾವುದಾದರೂ ಇದ್ದರೆ ತೋರಿಸಿ. ಅದೇ ಆರು ತಿಂಗಳು ಆ ರೈತ ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ತಂದು ಮನೆ ನಡೆಸಿದ್ದರೆ, ಒಂದು ಲಕ್ಷಕ್ಕೆ ಅವನು ಕಟ್ಟುವ ಬಡ್ಡಿ 18,000 ರೂಪಾಯಿ. ಬರಬೇಕಾದ ಬಡ್ಡಿ ಬರಲಿಲ್ಲ, ಕೊಡಬೇಕಾದ ಬಡ್ಡಿ ತಪ್ಪಲಿಲ್ಲ. ಬಡವನ ಹಣದಲ್ಲಿ ಬಡ್ಡಿಯಿಲ್ಲದೆ ವ್ಯಾಪಾರ ಮಾಡುವ ಈ ಏರ್ಪಾಡಿಗೆ ಕೈಗಾರಿಕಾ ಪ್ರಗತಿ ಎಂಬ ಹೆಸರು!

ಅಂಗಡಿಯ ಅಣ್ಣಂದಿರು ತಮ್ಮ ಸಾಲದ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ಗೊಬ್ಬರದ ಬಾಕಿ, ಬಟ್ಟೆಯ ಬಾಕಿ, ದಿನಸಿಯ ಬಾಕಿ, ಎಲ್ಲದರ ಪಕ್ಕದಲ್ಲೂ ರೈತ ಹೇಳಿಹೋದ ಮಾತು ಒಂದೇ: ಕಬ್ಬಿನ ದುಡ್ಡು ಬಂದ ಮೇಲೆ. ಕಾರ್ಖಾನೆ ಉಳಿಸಿಕೊಂಡ ಬಾಕಿ ಮೊದಲು ಹಳ್ಳಿಗೆ ಇಳಿಯುತ್ತದೆ, ಅಲ್ಲಿಂದ ಪೇಟೆಗೆ ನಡೆದು ಬರುತ್ತದೆ. ಮದ್ದೂರಿನ ಸಣ್ಣ ವ್ಯಾಪಾರಿ ಸಗಟು ಅಂಗಡಿಯವನ ಮುಂದೆ ತಲೆ ತಗ್ಗಿಸುವುದಕ್ಕೂ ಕಾರ್ಖಾನೆಯ ಖಜಾನೆಯಲ್ಲಿ ರೈತನ ಹಣ ಕುಳಿತಿರುವುದಕ್ಕೂ ಇರುವ ನಂಟು ಇದು.

ಮೂರನೆಯದು ಪಾಲಿನ ಲೆಕ್ಕ. ಸಕ್ಕರೆಗೆ ಬೆಲೆಯಿಲ್ಲ, ಎಲ್ಲಿಂದ ತಂದುಕೊಡೋಣ ಎಂದು ಕಾರ್ಖಾನೆಗಳ ಒಡೆಯರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸಕ್ಕರೆಯ ಕನಿಷ್ಠ ಮಾರಾಟದ ದರವನ್ನು ಕೆಜಿಗೆ 31 ರೂಪಾಯಿ ಎಂದು ಗೊತ್ತುಮಾಡಿತು. 2025ರ ಹಂಗಾಮು ಆರಂಭವಾದಾಗಲೂ ಅದು 31 ರೂಪಾಯಿಯಲ್ಲಿಯೇ ನಿಂತಿತ್ತು. ಹೊರದೇಶಕ್ಕೆ ಸಕ್ಕರೆ ಸಾಗಿಸುವುದಕ್ಕೆ 2022ರಲ್ಲಿ ಕಡಿವಾಣ ಹಾಕಿದವರೂ ದೆಹಲಿಯವರೇ. ಬಳಕೆದಾರನಿಗೆ ಅಗ್ಗದಲ್ಲಿ ಸಕ್ಕರೆ ಸಿಗಲೆಂದು ಹೀಗೆ ಮಾಡಿದೆವೆನ್ನುತ್ತಾರೆ. ಆದರೆ ಸಕ್ಕರೆಯನ್ನು ಮೂಟೆಗಟ್ಟಲೆ ಕೊಳ್ಳುವವರು ಯಾರು? ತಂಪು ಪಾನೀಯದ ಕಂಪನಿ, ಬಿಸ್ಕತ್ತಿನ ಕಂಪನಿ, ಮಿಠಾಯಿ ಕಂಪನಿ. ಕೂಲಿಯವನ ಮನೆಯ ಎರಡು ಕೆಜಿ ಸಕ್ಕರೆಯ ಹೆಸರಿನಲ್ಲಿ ಕಂಪನಿಗಳ ಲಾರಿಗಟ್ಟಲೆ ಸಕ್ಕರೆಗೆ ರಿಯಾಯಿತಿ ಸಿಗುತ್ತದೆ. ಬಡವನಿಗೆ ಸಕ್ಕರೆ ಅಗ್ಗವಾಗಬೇಕಾದರೆ ಪಡಿತರ ಅಂಗಡಿಯಲ್ಲಿ ಕೊಡಲಿ. ಅದರ ಖರ್ಚನ್ನು ರೈತನ ಗದ್ದೆಯಿಂದ ಕೀಳುವುದು ಬೇಡ.

ಇನ್ನು ಒಡೆಯರು ಹೇಳದೆ ಬಿಟ್ಟ ಅರ್ಧ. ಕಬ್ಬಿನಿಂದ ಬರುವುದು ಸಕ್ಕರೆಯೊಂದೇ ಅಲ್ಲ. ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ವಿದ್ಯುತ್ತು ತೆಗೆದು ಮಾರುತ್ತಾರೆ. ಕಾಕಂಬಿಯಿಂದ ಸ್ಪಿರಿಟ್ಟು, ಪೆಟ್ರೋಲಿಗೆ ಬೆರೆಸುವ ಎಥೆನಾಲು ಬರುತ್ತದೆ. ಕೊನೆಗೆ ಉಳಿದ ಮಡ್ಡಿಯೂ ಗೊಬ್ಬರವಾಗಿ ಮಾರಾಟವಾಗುತ್ತದೆ. 1974ರಲ್ಲಿ ನಿಯಂತ್ರಣ ಆಜ್ಞೆಗೆ ಸೇರಿಸಿದ ಒಂದು ಕಲಮಿನಂತೆ ಕಾರ್ಖಾನೆಯ ಹೆಚ್ಚುವರಿ ಆದಾಯದಲ್ಲಿ ಅರ್ಧ ರೈತನಿಗೆ ಸೇರಬೇಕಿತ್ತು. 2009ರಲ್ಲಿ ಅದನ್ನು ಕಿತ್ತುಹಾಕಿದರು. 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪಪದಾರ್ಥಗಳ ಆದಾಯದಲ್ಲಿ ನೂರಕ್ಕೆ 70 ಪಾಲು ಕಬ್ಬು ಬೆಳೆದವನಿಗೆ ಸಲ್ಲಬೇಕೆಂದಿತು. ಸಮಿತಿ ನೇಮಿಸುವುದು ಸುಲಭ. ಅದು ಹೇಳಿದ್ದನ್ನು ರೈತನ ಕೈಗೆ ಮುಟ್ಟಿಸುವುದು ಕಷ್ಟವಾಗಿ ಕಾಣುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ, ಸರ್ಕಾರಕ್ಕೆ ಕಾರ್ಖಾನೆ ನಡೆಸಲು ಬರುವುದಿಲ್ಲ, ಖಾಸಗಿಯವರಿಗೇ ಬಿಡಿ ಎನ್ನುವ ವಾದವೊಂದು ತಲೆಯೆತ್ತುತ್ತದೆ. ಮಂಡ್ಯದ ಜನಕ್ಕೆ ಈ ಮಾತು ಹೇಳುವವರು ಚರಿತ್ರೆಯನ್ನು ಓದಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದಾಗ, ಆ ನೀರಿಗೆ ತಕ್ಕ ಬೆಳೆಯೂ ಆ ಬೆಳೆಗೆ ತಕ್ಕ ಕಾರ್ಖಾನೆಯೂ ಬೇಕೆಂದು ಕಂಡವರು ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅರಸರ ಸರ್ಕಾರ ಮಾಡಿ ತೋರಿಸಿದ್ದನ್ನು ಜನರ ಸರ್ಕಾರ ಮಾಡಲಾರೆನೆಂದರೆ ನಾಚಿಕೆ ಯಾರಿಗೆ? ಆ ಮೈಷುಗರ್ ಹಲವು ಹಂಗಾಮು ಬಾಗಿಲು ಮುಚ್ಚಿ ಕುಳಿತಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟರು. ಮೈಷುಗರನ್ನೂ ಅದೇ ದಾರಿಯಲ್ಲಿ ಅಟ್ಟಲು ಹೊರಟಾಗ ಮಂಡ್ಯದಲ್ಲಿ ಧರಣಿ ಕೂತರು. 2021ರಲ್ಲಿ ಸರ್ಕಾರ ಹಿಂದೆ ಸರಿಯಿತು. 2022ರಲ್ಲಿ ಸರ್ಕಾರದ ಕೈಯಲ್ಲಿಯೇ ಕಾರ್ಖಾನೆ ಮತ್ತೆ ಕಬ್ಬು ನುರಿಸಿತು. ಬಾಗಿಲು ಮುಚ್ಚಿದ್ದಷ್ಟು ಕಾಲ ರೈತ ಕಬ್ಬನ್ನು ದೂರದ ಕಾರ್ಖಾನೆಗೆ ಹೊರಿಸಿದ, ಇಲ್ಲವೆ ಆಲೆಮನೆಯಲ್ಲಿ ಕೇಳಿದಷ್ಟಕ್ಕೆ ಕೊಟ್ಟ. ಕಾರ್ಖಾನೆಯ ಕಾರ್ಮಿಕನ ಮನೆಯಲ್ಲೂ ಒಲೆ ಹತ್ತುವುದು ಕಷ್ಟವಾಯಿತು. ಮುಚ್ಚಿದ ಒಂದೇ ಬಾಗಿಲಿನ ಹೊರಗೆ ಇಬ್ಬರೂ ನಿಂತಿದ್ದರು.

ಕಬ್ಬಿನ ದರ ಒಂದನ್ನೇ ಹೇಳಿ ನಿಲ್ಲಿಸಿದರೆ ಮಳವಳ್ಳಿಯವರಿಗೆ ಅನ್ಯಾಯವಾದೀತು. ಅವರು ನಾಲೆಯ ಕೊನೆಯ ಭಾಗದವರು. ಕಟ್ಟೆ ತುಂಬಿದ ವರ್ಷವೂ ಕಟ್ಟು ನೀರಿನ ಸರದಿ ಅವರ ಗದ್ದೆ ಮುಟ್ಟುವ ಹೊತ್ತಿಗೆ ಪೈರು ಬಾಡಿರುತ್ತದೆ. 2023ರಂಥ ಬರಗಾಲದಲ್ಲಂತೂ ಹೇಳುವುದೇ ಬೇಡ. ಹೇಗೋ ಭತ್ತ ಬೆಳೆದರೆ, ಸರ್ಕಾರ 2025-26ಕ್ಕೆ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಆದರೆ ಬೆಲೆ ಸಾರಿದರೆ ಸಾಲದು, ಕೊಳ್ಳುವವರೂ ಬೇಕು. ಕಣದಲ್ಲಿ ಭತ್ತ ಇರುವಾಗ ಖರೀದಿ ಕೇಂದ್ರ ತೆರೆಯದಿದ್ದರೆ, ಸಾಲಗಾರ ಬಾಗಿಲಲ್ಲಿ ನಿಂತಿರುವ ರೈತ ಕಾಯಲಾರ. ಅವನ ಭತ್ತ ದಲ್ಲಾಳಿಯ ಗೋಡೌನು ಸೇರಿದ ಮೇಲೆ ತೆರೆಯುವ ಕೇಂದ್ರ ರೈತನಿಗಾಗಿ ತೆರೆದ ಕೇಂದ್ರವಲ್ಲ.

2015ರಲ್ಲಿ ಇದೇ ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಬೆಳೆದ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. ಹಳ್ಳಿಗಳಿಗೆ ನಾಯಕರ ಕಾರುಗಳು ಬಂದವು, ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿದರು. ಅನಾಥವಾದ ಕುಟುಂಬಕ್ಕೆ ಆ ಹಣ ಬೇಕು, ಬೇಡವೆನ್ನುವವರು ನಾವಲ್ಲ. ಆದರೆ ಬದುಕಿದ್ದಾಗ ಅವನದೇ ಹಣವನ್ನು 14 ದಿನಗಳಲ್ಲಿ ಕೊಡಿಸಲಾರದ ಆಡಳಿತ, ಸತ್ತ ಮೇಲೆ ಚೆಕ್ಕು ಹಿಡಿದು ಬರುವುದನ್ನು ಔದಾರ್ಯ ಎಂದು ಕರೆಯಬೇಡಿ.

ಹಾಗಾದರೆ ದಾರಿ ಯಾವುದು? 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧವನ್ನು ಮುರಿದು ಧ್ವಜ ಏರಿಸಿದವರಿಗೆ ದಾರಿಯನ್ನು ಯಾವ ಸಮಿತಿಯೂ ಹೇಳಿಕೊಡಲಿಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತಾಗ ಸಮಾಜವಾದಿಗಳು ಅವರ ಜೊತೆ ಜೈಲಿಗೆ ಹೋದರು. ಡಾ. ಲೋಹಿಯಾರವರು ದೂರದಿಂದ ಬಂದು ಅಲ್ಲಿ ಬಂಧನಕ್ಕೊಳಗಾದರು. ಗೇಣಿ ಭೂಮಿಯ ಹಕ್ಕು ಕೊಟ್ಟ 1974ರ ಕಾನೂನಿನ ಬೇರು ಅಂಥ ಹೋರಾಟಗಳಲ್ಲಿದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹೆದ್ದಾರಿಯಲ್ಲಿ ಕೂತರು. ಕಟಾವು, ಸಾಗಣೆ ಬಿಟ್ಟು 3,300 ರೂಪಾಯಿಗೆ ಸರ್ಕಾರ ಒಪ್ಪಬೇಕಾಯಿತು. ಅದೂ ಹೆಚ್ಚು ಇಳುವರಿಯ ಕಬ್ಬಿಗೆ. ನಮ್ಮ ಕಡಮೆ ಇಳುವರಿಯ ಕಬ್ಬಿನ ಮಾತನ್ನು ನಾವೇ ಎತ್ತಬೇಕು.

ಆದ್ದರಿಂದ ನಮ್ಮ ಒತ್ತಾಯಗಳು ಇವು:

1. ದರದ ಇಳುವರಿ ಗೆರೆಯನ್ನು 10.25ರಿಂದ ಹಿಂದಿನ 8.5ಕ್ಕೆ ಇಳಿಸಬೇಕು.

2. ತೂಕದ ಮನೆಯಲ್ಲೂ ಪ್ರಯೋಗಶಾಲೆಯಲ್ಲೂ ಸರ್ಕಾರದ ನೌಕರನ ಜೊತೆಗೆ ರೈತರ ಪ್ರತಿನಿಧಿಯೊಬ್ಬ, ಕಾರ್ಮಿಕ ಸಂಘದ ಪ್ರತಿನಿಧಿಯೊಬ್ಬ ಇರಬೇಕು.

3. 14 ದಿನ ಮೀರಿದ ಪ್ರತಿ ಬಿಲ್ಲಿಗೂ ರೈತ ಕೇಳದೆಯೇ ಬಡ್ಡಿ ಸೇರಿಸಿ ಬರೆಯಬೇಕು.

4. ವಿದ್ಯುತ್ತು, ಸ್ಪಿರಿಟ್ಟು, ಎಥೆನಾಲಿನ ಆದಾಯದಲ್ಲಿ ಕಬ್ಬು ಬೆಳೆದವನಿಗೂ ಅದನ್ನು ನುರಿಸಿದವನಿಗೂ ಪಾಲು ಸಿಗಬೇಕು.

5. ಮೈಷುಗರ್ ಎಂದೆಂದಿಗೂ ಸಾರ್ವಜನಿಕರ ಸ್ವತ್ತಾಗಿಯೇ ಉಳಿಯಬೇಕು.

6. ಭತ್ತದ ಖರೀದಿ ಕೇಂದ್ರ ಕೊಯ್ಲಿಗೆ ಮೊದಲೇ ತೆರೆಯಬೇಕು, ನಾಲೆಯ ಕೊನೆಯ ಗದ್ದೆಗೆ ನೀರಿನ ಸರದಿ ತಪ್ಪಬಾರದು.

ಕಾರ್ಮಿಕ ಸಂಘಗಳು ಈ ಒತ್ತಾಯಗಳನ್ನು ತಮ್ಮ ಸಭೆಯಲ್ಲಿಟ್ಟು ಠರಾವು ಮಾಡಲಿ. ವರ್ತಕರು ತಮ್ಮ ಸಾಲದ ಪುಸ್ತಕದಲ್ಲಿ ಕಬ್ಬಿನ ಬಾಕಿಯಿಂದ ನಿಂತುಹೋದ ಹಣವೆಷ್ಟೆಂದು ಕೂಡಿ, ಆ ಮೊತ್ತವನ್ನು ಜಿಲ್ಲಾಧಿಕಾರಿಗಳ ಮುಂದೆ ಇಡಲಿ. ರೈತ ದಿನಾಚರಣೆಯ ವೇದಿಕೆ ಏಳುವ ಊರಿನಲ್ಲೆಲ್ಲ ನಾವೂ ಹೋಗೋಣ, ಈ ಮೂರು ಲೆಕ್ಕಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದೋಣ. ಉತ್ತರ ಬರುವವರೆಗೆ ಯಾವ ರೈತನ ಹೆಗಲಿಗೂ ಶಾಲು ಬೀಳದಿರಲಿ.