ನೂಲಿಗಿರುವ ಮರ್ಯಾದೆ

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಮೂತ್ರನಳಿಕೆಯ ವಿಷಯವಾಗಿ ಬರೆಯ ಹೊರಟರೆ ಮಿತ್ರರು ನಕ್ಕಾರು, ಅಧ್ಯಾಪಕರು ಹುಬ್ಬೇರಿಸಿಯಾರು. ಆದರೂ ಹೇಳಲೇಬೇಕಾದ ಮಾತೊಂದಿದೆ.

ರಾಜಘಟ್ಟದ ನಮ್ಮ ತಾತ ನಲವತ್ತು ವರ್ಷ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸಿದವರು. ಕಳೆದ ವರ್ಷ ಅವರಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟಿತು. ಆಸ್ಪತ್ರೆಯೊಂದರಲ್ಲಿ ಕ್ಯಾಥೆಟರ್ ಹಾಕಿ, ಚೀಲ ಜೋಡಿಸಿ, "ಎಳೆಯಬೇಡಿ" ಎಂಬ ಒಂದೇ ಮಾತು ಹೇಳಿ ಕಳುಹಿಸಿದರು. ಬಸ್ಸಿನಿಂದಿಳಿಯುವಾಗ ಚೀಲವು ಸೀಟಿನ ಕಂಬಿಗೆ ಸಿಕ್ಕಿಕೊಂಡಿತು. ತಾತ ಕೂಗಲಿಲ್ಲ, ಮೆಟ್ಟಿಲ ಮೇಲೆ ಹಾಗೆಯೇ ಕುಳಿತುಬಿಟ್ಟರು. ಪಂಚೆ ಕೆಂಪಾಯಿತು. ಅದೇ ಬಸ್ಸಿನ ದಾರಿಯಲ್ಲಿ ಮತ್ತೆ ಆಸ್ಪತ್ರೆಗೆ.

ಆ ನಳಿಕೆಯು ಒಳಗೆ ನಿಲ್ಲುವುದು ಹೇಗೆಂಬುದನ್ನು ಆಮೇಲೆ ಓದಿ ತಿಳಿದೆನು. ತುದಿಯಲ್ಲೊಂದು ಪುಟ್ಟ ಬಲೂನು. ಅದು ಮೂತ್ರಕೋಶವನ್ನು ಸೇರಿದ ಮೇಲೆ ಸಾಮಾನ್ಯವಾಗಿ 10 ಮಿಲಿಲೀಟರಿನಷ್ಟು ಶುದ್ಧೀಕರಿಸಿದ ನೀರನ್ನು ತುಂಬುತ್ತಾರೆ. ಉಬ್ಬಿದ್ದು ಜಾರಿ ಹೊರಬಾರದು. ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಉಪಾಯವಿದು. ರಬ್ಬರಿನ ಜೊತೆಗೆ ಈಗ ಸಿಲಿಕೋನ್ ಬಂದಿದೆ. ಬಲೂನು ಮಾತ್ರ ಬದಲಾಗಿಲ್ಲ. ಜಾಣತನದ ಉಪಾಯವೇ ಸರಿ. ಆದರೆ ಹಿಡಿದು ನಿಲ್ಲಿಸುವ ಆ ಬಲೂನೇ, ಎಳೆದಾಗ ದಾರಿಯುದ್ದಕ್ಕೂ ಗಾಯ ಮಾಡುವುದೂ ಹೌದು.

ನಳಿಕೆಯನ್ನು ಮೃದುವಾಗಿಸುವ ಪ್ರಯತ್ನ ಇದಕ್ಕಿಂತ ಹಳೆಯದು. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ ಅಣ್ಣನಿಗಾಗಿ, ಅಕ್ಕಸಾಲಿಗನ ಪಕ್ಕದಲ್ಲಿ ಕುಳಿತು ಬಾಗುವ ಬೆಳ್ಳಿಯ ನಳಿಕೆಯನ್ನು ಮಾಡಿಸಿದನು. ಆತ ವೈದ್ಯನಲ್ಲ, ಮುದ್ರಣದ ಕಸುಬಿನವನು. (ಕಲಾ ವಿದ್ಯಾರ್ಥಿಗೆ ಇದರಿಂದ ತುಸು ಧೈರ್ಯ!) ಆ ಶತಮಾನ ಮುಗಿಯುವುದರೊಳಗೆ ಫ್ರಾನ್ಸಿನಲ್ಲಿ ರೇಷ್ಮೆಯನ್ನು ಕೊಳವೆಯಾಗಿ ನೇಯ್ದು ರಬ್ಬರು ಲೇಪಿಸತೊಡಗಿದರು. ಇದನ್ನು ಓದಿ ಹೇಳಿದಾಗ ತಾತ, "ಹಂಗಾದ್ರೆ ನಮ್ ಕಸುಬೇ ಅನ್ನು" ಎಂದರು.

ನನ್ನ ವಾದವಿಷ್ಟೆ: ನಳಿಕೆಯನ್ನು ಕಾಪಾಡುವ ಹೊಣೆಯನ್ನೆಲ್ಲ ರೋಗಿಯ ಎಚ್ಚರಕ್ಕೆ ಬಿಡಬಾರದು, ಅದು ನಳಿಕೆಯ ರಚನೆಯಲ್ಲೇ ಇರಬೇಕು. ತಾತ ನಡೆಸಿದ ಮಗ್ಗದಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿ ನಿಲ್ಲುವ ಏರ್ಪಾಡಿತ್ತು. ಒಂದೆಳೆ ನೂಲಿಗೆ ದೊರೆತ ಮರ್ಯಾದೆ ಮನುಷ್ಯನ ಮೈಗೆ ಬೇಡವೆ? ರಕ್ತನಾಳಕ್ಕೆ ಹಾಕುವ ನಳಿಕೆಗಳಿಗೆ, ಎಳೆತ ಮಿತಿಮೀರಿದಾಗ ನಡುವೆ ಕಳಚಿಕೊಂಡು ಎರಡು ಬಾಯಿಯನ್ನೂ ತಾನೇ ಮುಚ್ಚಿಕೊಳ್ಳುವ ಜೋಡಣೆ ಈಗಾಗಲೇ ಬಂದಿದೆ. ಅಂಥದೊಂದು ತಾತನ ಚೀಲದ ಬಳಿ ಇದ್ದಿದ್ದರೆ ಆ ದಿನ ಬಸ್ಸಿನಲ್ಲಿ ಬರಿಯ ಮೂತ್ರ ಚೆಲ್ಲುತ್ತಿರಲಿಲ್ಲ, ರಕ್ತವೂ ಬರುತ್ತಿರಲಿಲ್ಲ.

ನಳಿಕೆಯನ್ನು ಆದಷ್ಟು ಬೇಗ ತೆಗೆಯುವುದೇ ಮೇಲು, ದಿನ ಕಳೆದಂತೆ ಸೋಂಕಿನ ಭಯ ಹೆಚ್ಚುತ್ತದೆ ಎಂದು ವೈದ್ಯರು ಹೇಳುತ್ತಾರೆ. ನಿಜ. ಆದರೆ ಹೃದಯ ದುರ್ಬಲವೆಂದು ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿ, ನಳಿಕೆ ಬದಲಿಸಿಕೊಳ್ಳುತ್ತಲೇ ತಿಂಗಳು ತಳ್ಳುವವರಿಗೆ ಈ ಮಾತು ಒದಗದು. ಚೀಲವು ಮೂತ್ರಕೋಶಕ್ಕಿಂತ ಕೆಳಗಿರಬೇಕೆಂಬುದು ನಿಯಮ. ಆಸ್ಪತ್ರೆಯ ಮಂಚಕ್ಕೆ ಅದನ್ನು ತೂಗುಹಾಕಬಹುದು. ಚಾಪೆಯ ಮೇಲೆ ಮಲಗುವವನಿಗೆ ಕೆಳಗೆಂದರೆ ಎಲ್ಲಿ? ನಳಿಕೆಯನ್ನು ರೂಪಿಸಿದವರು ಚಾಪೆಯನ್ನು ನೋಡಿರಲಾರರು. ನಾವು ಪಕ್ಕದ ಮನೆಯಿಂದ ಮಂಚ ತಂದೆವು.

ತೊಡೆಗೆ ಬಿಗಿಯುವ ಪಟ್ಟಿ ಅಂಗಡಿಯಲ್ಲಿ ದೊರೆಯುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಅಕ್ಷರ ಬಾರದ ನನ್ನ ತಾಯಿಯವರೇ ಹಳೆಯ ಪಂಚೆ ಹರಿದು ಒಂದನ್ನು ಹೊಲಿದರು. ಮೊದಲನೆಯದು ಜಾರಿತು. ಎರಡನೆಯದು ಬಿಗಿಯಾಗಿ ಕಾಲು ಜೋಮು ಹಿಡಿಯಿತು. ಮೂರನೆಯದರಲ್ಲಿ, ಕಾಲು ಮಡಿಸಿದರೂ ಎಳೆಯದಂತೆ ನಳಿಕೆಯನ್ನು ಒಂದಿಷ್ಟು ಸಡಿಲ ಬಿಟ್ಟು ಕಟ್ಟಿದರು. ಎರಡು ತಿಂಗಳಾಯಿತು, ಕದಲಿಲ್ಲ. ನಮ್ಮ ಮಿತ್ರರ ಅಣ್ಣತಮ್ಮಂದಿರು ಯಾರಾದರೂ ಇಂಜಿನಿಯರಿಂಗ್ ಓದುತ್ತಿದ್ದರೆ, ಒಮ್ಮೆ ರಾಜಘಟ್ಟಕ್ಕೆ ಕರೆತನ್ನಿರಿ. ತಾತ ತಾವಾಗಿಯೇ ಪಂಚೆ ಸರಿಸಿ ತೋರಿಸುತ್ತಾರೆ; ಅವರಿಗೀಗ ಸಂಕೋಚ ಉಳಿದಿಲ್ಲ.